ಕಾಳಿಗೆ ಎದುರಾಗಿ: ಸೂಪಾ ಹಿನ್ನೀರಿಗೆ ಮೂರು ದಿನ

ಕಾರವಾರದಲ್ಲಿ ಕಾಳಿ ಎಂದರೆ ಉಪ್ಪು ನೀರು. ಕೋಡಿಬಾಗದಲ್ಲಿ ಅದನ್ನು ಬೊಗಸೆಯಲ್ಲಿ ಹಿಡಿದು ಕುಡಿದವರಿಲ್ಲ. ಅದೇ ನದಿಯ ಸಿಹಿನೀರು ಸುಮಾರು ನೂರು ಕಿಲೋಮೀಟರ್ ಒಳಗೆ, ಸಮುದ್ರಕ್ಕಿಂತ ಅರ್ಧ ಕಿಲೋಮೀಟರಿಗೂ ಮೇಲೆ, ಸೂಪಾ ಅಣೆಕಟ್ಟಿನ ಗೋಡೆಗೆ ಒರಗಿ ನಿಂತಿದೆ. ದೀಪಾವಳಿ ಮುಗಿದ ವಾರ ಮನೆಮಂದಿ ಹೊರಟದ್ದು ಆ ನೀರು ನೋಡಲಿಕ್ಕೆ. ಏಳು ಸೀಟಿನ ಗಾಡಿ, ಏಳು ಜನ. ಅದರಲ್ಲಿ ಮಂಡಿನೋವಿನ ಅಜ್ಜಿ ಒಬ್ಬರು, ಘಟ್ಟ ಕಂಡರೆ ಹೊಟ್ಟೆ ತೊಳಸುವ ಮಕ್ಕಳು ಇಬ್ಬರು. ಉಳಿಯುವ ಮನೆಗೆ ಹದಿನೈದು ದಿನ ಮೊದಲೇ ಫೋನ್ ಮಾಡಿ ಹೇಳಿಟ್ಟಾಗಿತ್ತು. ರಜೆಯ ವಾರದಲ್ಲಿ ಗಣೇಶಗುಡಿ, ದಾಂಡೇಲಿ ಸುತ್ತ ಹಾಗೆಯೇ ಹೋಗಿ ನಿಂತರೆ ಜಾಗ ಸಿಗುವುದಿಲ್ಲ.

ನವೆಂಬರ್ ಆರಿಸಿದ್ದಕ್ಕೆ ಕಾರಣ ಉಂಟು. ಮಳೆಗಾಲದಲ್ಲಿ ಘಟ್ಟ ಕುಸಿಯುವ ಭಯ. ಮಾರ್ಚ್ ದಾಟಿದರೆ ಹಿನ್ನೀರು ಹಿಂದೆ ಸರಿದು, ಕಾಡಿಗೂ ನೀರಿಗೂ ನಡುವೆ ಬೋಳು ಕೆಂಪು ದಂಡೆ ಕಾಣತೊಡಗುತ್ತದೆ. ನವೆಂಬರಿನಲ್ಲಿ ನೀರು ಇನ್ನೂ ಮರದ ಬುಡದ ಹತ್ತಿರವೇ ಇರುತ್ತದೆ, ಆದರೆ ಇಳಿಯಲು ಶುರುಮಾಡಿರುತ್ತದೆ. ಎರಡನೇ ದಿನ ಗಾಡಿಯನ್ನು ಹಿಡಿದು ಕೂರಿಸಿದ್ದು ಆ ಇಳಿತವೇ.

ಮೊದಲ ದಿನ: ಕೋಡಿಬಾಗದಿಂದ ಗಣೇಶಗುಡಿ

ಬೆಳಿಗ್ಗೆ ಆರೂವರೆಗೆ ಕಾರವಾರ ಪೇಟೆಯಲ್ಲಿ ಭಾಜಿ-ಪಾವ್. ಮಕ್ಕಳಿಗೆ ಮಾತ್ರ ಒಣ ಬನ್ಸ್, ಅದೂ ಅರ್ಧ ಹೊಟ್ಟೆಗೆ. ಎಣ್ಣೆ ತೇಲುವ ಭಾಜಿ ತಿಂದು ಅಂಶಿ ಘಟ್ಟ ಹತ್ತಿದರೆ ಮೂರನೇ ತಿರುವಿನಲ್ಲಿ ಗಾಡಿ ನಿಲ್ಲಿಸಬೇಕಾಗುತ್ತದೆ. ಡೀಸೆಲ್ ಇಲ್ಲೇ ಪೂರ್ತಿ ತುಂಬಿಸಿ, ಕೈಯಲ್ಲಿ ನಗದು ಇಟ್ಟುಕೊಂಡು, ಫೋನಿಗೆ ನಕ್ಷೆ ಇಳಿಸಿಕೊಂಡು ಹೊರಡುವುದು ವಾಸಿ. ಕದ್ರಾ ದಾಟಿದ ಮೇಲೆ ಸಿಗ್ನಲ್ ಒಂದು ತಿರುವಿನಲ್ಲಿ ಬರುತ್ತದೆ, ಮುಂದಿನ ತಿರುವಿನಲ್ಲಿ ಹೋಗುತ್ತದೆ.

ಕಾಳಿ ಸೇತುವೆ ದಾಟುವಾಗ ಗಾಡಿಯೊಳಗಿನ ಮಾತು ತಾನಾಗಿ ತಗ್ಗಿತು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು, ಲಾರಿಯೊಂದು ನೀರಿಗೆ ಬಿದ್ದು ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಎತ್ತಿದ್ದು ಈ ಕಡೆಯವರಿಗೆ ಇನ್ನೂ ಹಸಿ ಸುದ್ದಿ. ಸದಾಶಿವಗಡದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಹಣಕೋಣ, ಉಳಗಾ ಮೇಲಿಂದ ಕದ್ರಾ ರಸ್ತೆ. ನದಿ ಬಲಗಡೆ ಜೊತೆಗೇ ಬರುತ್ತದೆ, ತೆಂಗಿನ ತೋಟದ ಸಂದಿಯಲ್ಲಿ ಕಂಡು ಮರೆಯಾಗುತ್ತದೆ. ಹಣಕೋಣದ ಸಾತೇರಿ ದೇವಿಯ ಗುಡಿ ಮುಚ್ಚಿತ್ತು. ಅದರ ಬಾಗಿಲು ತೆರೆಯುವುದೇ ವರ್ಷದಲ್ಲಿ ಏಳು ದಿನ, ಅದೂ ಚೌತಿಯ ಆಸುಪಾಸಿನಲ್ಲಿ. ಅಜ್ಜಿ ಗಾಡಿಯಲ್ಲೇ ಕೂತು ಕೈಮುಗಿದರು. ಗದ್ದೆಗಳಲ್ಲಿ ಕೊಯ್ಲು ಮುಗಿಯುತ್ತ ಬಂದಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರಿಂದ ಉಳಿದ ಅರ್ಧದಲ್ಲೇ ಎರಡೂ ಕಡೆಯ ವಾಹನ ಹೋಗಬೇಕು. ಹಾರ್ನ್ ಹೊಡೆದರೆ ಬೈಗುಳ, ನಿಧಾನ ಮಾಡಿದರೆ ನಗು.

ಕದ್ರಾದಲ್ಲಿ ಮೊದಲ ಅಣೆಕಟ್ಟು. ಇದು ನದಿಯ ಲೆಕ್ಕದಲ್ಲಿ ಕೊನೆಯದು, ಘಟ್ಟ ಹತ್ತುವವರಿಗೆ ಮೊದಲನೆಯದು. ಇದರ ಗರಿಷ್ಠ ನೀರಿನ ಮಟ್ಟ ಸಮುದ್ರದಿಂದ 34.5 ಮೀಟರ್. ಸೂಪಾದ್ದು 564 ಮೀಟರ್. ನಡುವಿನ ಐನೂರ ಮೂವತ್ತು ಮೀಟರ್ ಇಳಿತದಲ್ಲಿ ಕಾಳಿಯ ನೀರಿಗೆ ನಾಲ್ಕು ಕಡೆ ದುಡಿತ. ಸೂಪಾದ ಬುಡದಲ್ಲಿ 100 ಮೆಗಾವ್ಯಾಟ್, ಬೊಮ್ಮನಹಳ್ಳಿಯಿಂದ ಸುರಂಗದಲ್ಲಿ ಇಳಿದು ನಾಗಝರಿಯಲ್ಲಿ 900, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಮೇಲಿನ ನೀರನ್ನು ಹಿಡಿದಿಡುವ ಕಣಜ ಸೂಪಾ. ಉಳಿದವು ಬಂದದ್ದನ್ನು ಸ್ವಲ್ಪ ಹೊತ್ತು ತಡೆದು ಮುಂದೆ ಕಳಿಸುವ ಕಟ್ಟೆಗಳು. ಇದನ್ನು ಮಕ್ಕಳಿಗೆ ಹತ್ತುವಾಗಲೇ ಹೇಳಿದರೆ ಮುಂದಿನ ಮೂರು ದಿನ ನದಿ ಯಾಕೆ ಒಂದು ಕಡೆ ಒಣಗಿದೆ, ಇನ್ನೊಂದು ಕಡೆ ಯಾಕೆ ತುಂಬಿದೆ ಎಂದು ಅವರೇ ಊಹಿಸುತ್ತಾರೆ. ಕದ್ರಾ ಹಿನ್ನೀರಿನ ದಂಡೆಯಲ್ಲೇ ಕೈಗಾ ಸ್ಥಾವರ, 220 ಮೆಗಾವ್ಯಾಟಿನ ನಾಲ್ಕು ಘಟಕ. ಅದರ ಮೊದಲ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು. ಅದನ್ನು ತಂಪಾಗಿಡುವುದೂ ಈ ನೀರೇ.

ಚಹದಂಗಡಿಯವರು ಗೋಡೆಯ ಮೇಲೆ ಎದೆಮಟ್ಟದ ಕಲೆ ತೋರಿಸಿದರು. “ಇದು 2019ರದ್ದು. ಆಗಸ್ಟ್ ತಿಂಗ್ಳು. ಸುಣ್ಣ ಹೊಡೆದ್ರೂ ಹೋಗ್ಲಿಲ್ಲ, ಈಗ ಬಿಟ್ಟುಬಿಟ್ಟಿದೆ.” ಮೇಲೆ ಮಳೆ ಜೋರಾದಾಗ ಕದ್ರಾದ ಗೇಟು ತೆಗೆಯಲೇಬೇಕು. ಕಟ್ಟೆ ಚಿಕ್ಕದು, ಹಿಡಿದಿಟ್ಟುಕೊಳ್ಳುವಷ್ಟು ಜಾಗವಿಲ್ಲ. ಅದಕ್ಕೇ ಮಳೆಗಾಲದಲ್ಲಿ ಇಲ್ಲಿ ನೀರನ್ನು ಪೂರ್ತಿ ತುಂಬಿಸದೆ ಕೆಳಗಿಟ್ಟಿರುತ್ತಾರೆ. ನಾವು ಎಲ್ಲಿಗೆ ಎಂದು ಅವರು ಕೇಳಿದರು. ಸೂಪಾ ಎಂದಾಗ, “ಹೋಗಿ ನೋಡ್ಕಂಡ್ ಬನ್ನಿ, ನಮ್ಮ ಮಳೆಗಾಲದ ನಿದ್ದೆ ಅಲ್ಲಿ ಅದೆ” ಅಂದರು.

ಕದ್ರಾದಿಂದ ಅಂಶಿ ಘಟ್ಟ. ರಸ್ತೆ ಕಿರಿದು, ತಿರುವು ಕಡಿದು. ಒಂದು ಕಡೆ ಬಂಡೆ, ಒಂದು ಕಡೆ ಕೊಳ್ಳ. ಇಲ್ಲಿ ಮೂರು ಮಾತು ನೆನಪಿಟ್ಟರೆ ಸಾಕು. ಹತ್ತುವ ಗಾಡಿಗೆ ಮೊದಲ ದಾರಿ, ಇಳಿಯುವವರು ನಿಲ್ಲಬೇಕು. ಕುರುಡು ತಿರುವಿನಲ್ಲಿ ಒಂದು ಹಾರ್ನ್, ಉತ್ತರಕ್ಕೆ ಅರೆಗಳಿಗೆ ಕಾಯುವುದು, ಬಸ್ಸು ಬಂದರೆ ಅದು ಪೂರ್ತಿ ಹೊರಳುವವರೆಗೆ ಮೂತಿ ತೂರಿಸದೆ ಇರುವುದು. ಇನ್ನೊಂದು ಗುಡ್ಡದಿಂದ ಜಿನುಗುವ ನೀರು. ನವೆಂಬರಿನಲ್ಲೂ ಬಂಡೆಸಂದಿಯಿಂದ ನೀರು ಸೋರುತ್ತಲೇ ಇರುತ್ತದೆ. ತಿಳಿನೀರು ಸೋರಿದರೆ ಹೆದರಿಕೆ ಇಲ್ಲ. ಸೋರುತ್ತಿದ್ದ ನೀರು ಕೆಂಪಗೆ ಕದಡಿತು, ಜೊತೆಗೆ ಸಣ್ಣ ಕಲ್ಲು ಉದುರಿತು ಎಂದರೆ ಒಳಗಿನ ಮಣ್ಣು ಕಳಚುತ್ತಿದೆ ಎಂದು ಅರ್ಥ. ಅಲ್ಲಿ ಫೋಟೋಕ್ಕೆ ನಿಲ್ಲುವ ಮಾತೇ ಇಲ್ಲ. ಘಟ್ಟ ಮಳೆಗಾಲದಲ್ಲಿ ಕುಸಿದು ರಸ್ತೆ ಬಂದಾದ ವರ್ಷಗಳು ಉಂಟು. ಹೊಸ ಮಣ್ಣಿನ ಗಾಯ, ತಡೆಗೋಡೆ ದಾರಿಯುದ್ದಕ್ಕೂ ಕಾಣುತ್ತವೆ.

ಮಕ್ಕಳ ಬಾಯಿಗೆ ಒಣ ಮುರುಗಲ ಸಿಪ್ಪೆ ಒಂದೊಂದು ಚೂರು. ನಿಂಬೆಹಣ್ಣಿಗಿಂತ ಇದು ಹೆಚ್ಚು ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದು, ಎ.ಸಿ. ಆರಿಸಿ, ಮಕ್ಕಳನ್ನು ನಡುವಿನ ಸಾಲಿನಲ್ಲಿ ಮುಂದೆ ನೋಡುವಂತೆ ಕೂರಿಸಿದರೂ ಸಣ್ಣವನು ಒಮ್ಮೆ ಕಕ್ಕಿದ. ತಪ್ಪು ಹಿರಿಯರದ್ದೇ, ಅವನ ಕೈಗೆ ಫೋನು ಕೊಟ್ಟಿದ್ದರು. ಓಡುವ ಗಾಡಿಯಲ್ಲಿ ಕಣ್ಣು ಪರದೆಯ ಮೇಲಿದ್ದರೆ ಮುರುಗಲೂ ಇಲ್ಲ, ಶುಂಠಿಯೂ ಇಲ್ಲ.

ಅಂಶಿಯಿಂದ ಮೇಲೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮೊದಲು ಅಂಶಿ-ದಾಂಡೇಲಿ ಎಂದಿದ್ದ ಹೆಸರು 2015ರಲ್ಲಿ ಬದಲಾಯಿತು. ಕಾಡಿನ ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ, ಒಲೆ ಹೂಡುವುದಂತೂ ದೂರದ ಮಾತು. ಕುಂಬಾರವಾಡಕ್ಕೆ ಬಂದು ಅಂಗಡಿಯ ಬೆಂಚಿನ ಮೇಲೆ ಊಟ. ಬುತ್ತಿಯಲ್ಲಿ ಕಲಸಿದ ಅವಲಕ್ಕಿ. ಏಳು ಜನಕ್ಕೆ ಮುಕ್ಕಾಲು ಕಿಲೋ ತೆಳು ಅವಲಕ್ಕಿ, ದೊಡ್ಡದೊಂದು ತೆಂಗಿನಕಾಯಿ, ಒಂದು ಹಿಡಿ ಬೆಲ್ಲ, ಐದಾರು ಹಸಿಮೆಣಸು, ಕೊತ್ತಂಬರಿ, ಸಾಸಿವೆಯ ಒಗ್ಗರಣೆ. ಅವಲಕ್ಕಿ, ಒಗ್ಗರಣೆ ಮಾತ್ರ ಮನೆಯಲ್ಲೇ ಬೆರೆಸಿದ್ದು. ಕಾಯಿಯನ್ನು ಇಡಿಯಾಗಿ ಒಯ್ದು ಅಲ್ಲೇ ಒಡೆದು ತುರಿದು ಬೆಲ್ಲದೊಂದಿಗೆ ಕಿವುಚಿ ಸೇರಿಸಬೇಕು. ಮನೆಯಲ್ಲೇ ಕಾಯಿ ಬೆರೆಸಿದರೆ ಬಿಸಿಲಿಗೆ ಕಾದ ಗಾಡಿಯಲ್ಲಿ ನಾಲ್ಕು ತಾಸಿಗೆ ಹುಳಿ ವಾಸನೆ ಹಿಡಿಯುತ್ತದೆ, ಅವಲಕ್ಕಿಯೂ ಮುದ್ದೆಯಾಗುತ್ತದೆ. ಕಾಯಿನೀರನ್ನು ಚೆಲ್ಲದೆ ಅದನ್ನೇ ಚಿಮುಕಿಸಿದರೆ ಅವಲಕ್ಕಿ ಹದವಾಗಿ ಮೆತ್ತಗಾಗುತ್ತದೆ. ಎದುರಿನ ಮರದ ಮಂಗ ಎಲ್ಲ ನೋಡುತ್ತ ಕೂತಿತ್ತು. ಬಾಳೆಗೊನೆಯ ಚೀಲ ಅದರ ಪಾಲಾಯಿತು.

ಅಂಗಡಿಗೆ ಬಂದಿದ್ದ ಕುಣಬಿ ಅಜ್ಜನೊಬ್ಬರು ಅಜ್ಜಿಯ ಕೊಂಕಣಿ ಕೇಳಿ ಹತ್ತಿರ ಬಂದು ಕೂತರು. ಇಬ್ಬರ ಕೊಂಕಣಿಯೂ ಬೇರೆ, ಆದರೂ ಮಾತು ನಡೆಯಿತು. ಗಡ್ಡೆ ಗೆಣಸು ಬೇಕಿದ್ದರೆ ಈಗ ಬರಬಾರದಿತ್ತು, ಬಳ್ಳಿ ಒಣಗಿದ ಮೇಲೆ ಜನವರಿಗೆ ಬರಬೇಕಂತೆ. ಆಗ ಜೋಯಿಡಾದಲ್ಲಿ ಗಡ್ಡೆ-ಗೆಣಸಿನ ಮೇಳವೇ ನಡೆಯುತ್ತದೆ. ಆಳೆತ್ತರದ ಕೋನು, ಮುಡ್ಲಿ, ಕೆಸುವಿನ ನಾನಾ ಜಾತಿ ಸಾಲಾಗಿ ಬರುತ್ತವೆ. ಬಳ್ಳಿ ಹಸಿರಿರುವಾಗ ಅಗೆದ ಗಡ್ಡೆಯಲ್ಲಿ ನೀರು ಹೆಚ್ಚು, ರುಚಿ ಕಡಿಮೆ, ಇಟ್ಟರೆ ಕೊಳೆಯುತ್ತದೆ ಎಂದು ಅವರು ಬೆರಳೆಣಿಸಿ ಹೇಳಿದರು.

ಜೋಯಿಡಾ ದಾಟಿ ಗಣೇಶಗುಡಿ ಮುಟ್ಟುವಾಗ ನಾಲ್ಕು ಗಂಟೆ. ನಕ್ಷೆ ತೋರಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು. ಮಕ್ಕಳು ಮುದುಕರಿದ್ದರೆ ಇದೇ ಸರಿಯಾದ ಲೆಕ್ಕ. ಸಂಜೆ ಆರಕ್ಕೆ ಚಳಿ ಕೂತಿತು. ಕಾರವಾರದಿಂದ ಬರುವವರು ಸ್ವೆಟರ್ ಎಂದರೆ ನಗುತ್ತಾರೆ, ರಾತ್ರಿ ಚಾದರಕ್ಕೆ ಜಗಳಾಡುತ್ತಾರೆ.

ಎರಡನೇ ದಿನ: ಗೋಡೆ, ನೀರು, ರಾಡಿ

ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಎದುರಿನ ಗುಡ್ಡವೇ ಇರಲಿಲ್ಲ. ಅಣೆಕಟ್ಟು ನೋಡುವವರು ಒಂಬತ್ತಕ್ಕೆ ಮೊದಲು ಹೊರಟರೆ ಬಿಳಿ ಗೋಡೆ ಮಾತ್ರ ಕಂಡೀತು. ಅಣೆಕಟ್ಟಿನ ಮೇಲೆ ಬಿಡುವುದು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಇದ್ದರೆ ಮಾತ್ರ. ಹಿರಿಯರೆಲ್ಲರ ಗುರುತಿನ ಚೀಟಿ ಜೊತೆಗಿರಲಿ, ಹಿಂದಿನ ದಿನವೇ ವಿಚಾರಿಸಿರಲಿ. ಅನುಮತಿ ಸಿಗದಿದ್ದರೆ ದೂರದಿಂದ ನೋಡುವುದು. ದೂರದಿಂದ ನೋಡಿದರೇ ಅದರ ಮೈಕಟ್ಟು ತಿಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೇಲೆ ನಿಂತವರಿಗೆ ಕಾಣುವುದು ಒಂದು ರಸ್ತೆ, ಎರಡು ಕಟಾಂಜನ.

ಎತ್ತರ 101 ಮೀಟರ್, ಉದ್ದ ಬರೀ 332 ಮೀಟರ್. ಲಿಂಗನಮಕ್ಕಿಯ ಕಟ್ಟೆ ಎರಡು ಕಿಲೋಮೀಟರ್ ದಾಟುತ್ತದೆ. ಆದರೂ ನೀರಿನ ಲೆಕ್ಕದಲ್ಲಿ ಸೂಪಾ ಅದಕ್ಕಿಂತ ತುಸುವೇ ಚಿಕ್ಕದು: ಸುಮಾರು 147 ಟಿಎಂಸಿ, ಅಂದರೆ ಮೂರು ಕೃಷ್ಣರಾಜಸಾಗರ. ಇಷ್ಟು ಚಿಕ್ಕ ಗೋಡೆಗೆ ಇಷ್ಟು ನೀರು ನಿಲ್ಲಲು ಕಾರಣ ಜಾಗ. ಎರಡು ಗುಡ್ಡ ಕತ್ತರಿಯಂತೆ ಹತ್ತಿರ ಬರುವ ಕಡೆ ಕಟ್ಟಿದ್ದಾರೆ, ಹಿಂದೆ ಕಣಿವೆ ಅಗಲವಾಗಿ ಚಾಚಿಕೊಂಡಿದೆ. ಹೂಜಿಯ ಕತ್ತಿಗೆ ಬಿರಡೆ ಹಾಕಿದ ಹಾಗೆ. ಹೂಜಿ ಎಷ್ಟು ದೊಡ್ಡದೆಂದರೆ ಸೂಪಾ ವರ್ಷವರ್ಷವೂ ತುಂಬುವುದಿಲ್ಲ. ಗೇಟು ತೆಗೆದ ವರ್ಷ ಊರೂರಿಂದ ಜನ ನೋಡಲು ಬರುತ್ತಾರೆ.

ಸೂಪಾ ಎಂಬ ಊರು ಈಗ ಇಲ್ಲ. ಕಾಳಿಗೆ ಪಾಂಢರಿ ಸೇರುವ ಕಡೆ ಇದ್ದ ಪೇಟೆ ಅದು. ತಾಲ್ಲೂಕಿಗೂ ಅದೇ ಹೆಸರಿತ್ತು. ಕೊಂಕಣಿಯಲ್ಲಿ ಸೂಪ ಎಂದರೆ ಮೊರ. ನೀರು ಬಂದ ಮೇಲೆ ಕಚೇರಿಗಳು ಜೋಯಿಡಾಕ್ಕೆ, ಜನರಲ್ಲಿ ಬಹಳಷ್ಟು ಮಂದಿ ರಾಮನಗರಕ್ಕೆ. ನಾವಿದ್ದ ಮನೆಯ ಹಿರಿಯರು ಹಿನ್ನೀರಿನ ಕಡೆ ಕೈ ತೋರಿಸಿ, “ನಮ್ಮಪ್ಪನ ಗದ್ದೆ ಆ ದೋಣಿ ನಿಂತದಲ್ಲ, ಅದರ ಕೆಳಗೆ” ಅಂದರು. ಮತ್ತೆ ಆ ಮಾತು ಎತ್ತಲಿಲ್ಲ, ದನಕ್ಕೆ ಹುಲ್ಲು ಹಾಕಲು ಎದ್ದು ಹೋದರು.

ಈಗ ರಾಡಿಯ ಕಥೆ. ನಕ್ಷೆಯಲ್ಲಿ ತೆಳು ಗೆರೆಯೊಂದು ಹಿನ್ನೀರಿನ ಅಂಚಿಗೆ ಹೋಗುತ್ತಿತ್ತು. ಇಂಥ ಗೆರೆಗಳಲ್ಲಿ ಕೆಲವು ಹಳೆಯ ಊರಿನ ದಾರಿಗಳು. ನೀರಿನ ಒಳಗೇ ಇಳಿದು ಹೋಗುತ್ತವೆ. ಅರಣ್ಯ ಇಲಾಖೆಯ ಫಲಕ ಇಲ್ಲದ್ದನ್ನು ನೋಡಿ, ಊರಿನವರನ್ನು ಕೇಳಿಯೇ ಇಳಿದದ್ದು. ಅವರು ನಡೆದು ಹೋಗಿ ಅಂದಿದ್ದರು. ಗಾಡಿ ಮಾತ್ರ ಅಜ್ಜಿಯ ಮಂಡಿಯ ನೆಪದಲ್ಲಿ ಮತ್ತೆ ಇಪ್ಪತ್ತು ಮಾರು ಮುಂದೆ ಹೋಯಿತು. ನೆಲ ಒಣಗಿ ಬಿರುಕು ಬಿಟ್ಟಿತ್ತು, ಗಟ್ಟಿ ಎಂದೇ ಕಂಡಿತು. ಮುಂದಿನ ಎರಡೂ ಚಕ್ರ ಒಮ್ಮೆಲೇ ಹೂತವು.

ಹಿನ್ನೀರು ಇಳಿಯುವ ತಿಂಗಳಲ್ಲಿ ಅಂಚಿನ ನೆಲ ಹೀಗೇ ಮೋಸ ಮಾಡುತ್ತದೆ. ಮಳೆಗಾಲವಿಡೀ ನೀರಿನಡಿ ಕೂತ ನಯವಾದ ಕೆಸರು ಅದು. ನೀರು ಸರಿದ ಮೇಲೆ ಎರಡು ಬೆರಳಿನಷ್ಟು ಮೇಲ್ಪದರ ಬಿಸಿಲಿಗೆ ಹಪ್ಪಳದಂತೆ ಒಣಗುತ್ತದೆ, ಕೆಳಗೆ ಮೊಳಕಾಲುದ್ದ ಹಸಿ ರಾಡಿ ಹಾಗೇ ಇರುತ್ತದೆ. ಪರೀಕ್ಷೆ ಸುಲಭ: ಹಿಮ್ಮಡಿಯಿಂದ ಬಲವಾಗಿ ಒದೆಯಬೇಕು, ಇಲ್ಲವೇ ಕೋಲು ಚುಚ್ಚಬೇಕು. ಕೋಲು ಗೇಣುದ್ದ ಸಲೀಸಾಗಿ ಇಳಿದರೆ ಗಾಡಿ ತರಬಾರದು. ಹುಲ್ಲು ಬೇರೂರಿದ ನೆಲದವರೆಗೆ ಮಾತ್ರ ಚಕ್ರ, ಹುಲ್ಲು ಮುಗಿದಲ್ಲಿಂದ ಕಾಲು.

ಹೂತ ಮೇಲೆ ಮಾಡಬಾರದ್ದು ಒಂದೇ, ಆಕ್ಸಿಲರೇಟರ್ ಒತ್ತುವುದು. ಅದನ್ನೇ ಮೊದಲು ಮಾಡಿದ್ದು. ಚಕ್ರ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡಿಕೊಂಡು ಗಾಡಿಯ ಹೊಟ್ಟೆ ನೆಲಕ್ಕೆ ತಾಗಿತು. ಎಮ್ಮೆ ಹೊಡೆದುಕೊಂಡು ಬಂದ ಗೌಳಿ ಯುವಕನೊಬ್ಬ ಸ್ವಲ್ಪ ಹೊತ್ತು ನಿಂತು ನೋಡಿ, “ಮುಂದ ಹೋದ್ರ ನೀರ ಐತಿ ಅಣ್ಣಾ, ಬಂದ ದಾರೀಲೇ ಹಿಂದ ತಗೀರಿ” ಅಂದ. ಮುಂದಿನ ಕೆಲಸ ಅವನದೇ ಯಜಮಾನಿಕೆ. ಎಲ್ಲರೂ ಕೆಳಗೆ, ಸಾಮಾನೂ ಕೆಳಗೆ. ಚಕ್ರದ ಹಿಂದೆ ಮುಂದೆ ಕೈಯಿಂದಲೇ ರಾಡಿ ಬಗೆದು ಇಳಿಜಾರು ಮಾಡಿದೆವು. ಮುಂದಿನ ಟೈರುಗಳ ಗಾಳಿ 33ರಿಂದ ಅಂದಾಜು 20ಕ್ಕೆ ಇಳಿಸಿದೆವು. ಗಾಳಿ ಇಳಿದರೆ ಟೈರು ಚಪ್ಪಟೆಯಾಗಿ ನೆಲಕ್ಕೆ ಹೆಚ್ಚು ತಾಗುತ್ತದೆ, ಭಾರ ಹರಡುತ್ತದೆ. ಬಿದ್ದಿದ್ದ ಒಣ ಕೋಲುಗಳನ್ನು ಚಕ್ರದ ಹಿಂದೆ ಅಡ್ಡಡ್ಡ ಜೋಡಿಸಿ, ಅದರ ಮೇಲೆ ಗಾಡಿಯ ಮ್ಯಾಟು ಬೋರಲಾಗಿ. ಉದ್ದುದ್ದ ಇಟ್ಟರೆ ಕೋಲು ಜಾರಿ ಒಳಗೆ ಹೋಗುತ್ತದೆ. ಸ್ಟೇರಿಂಗ್ ನೆಟ್ಟಗೆ, ರಿವರ್ಸ್, ಕ್ಲಚ್ಚಿನ ಮೇಲೆ ನಿಧಾನ, ಇಬ್ಬರು ಬಾನೆಟ್ಟಿನಿಂದ ತಳ್ಳುವುದು. ಮುಂದೆ ನಿಂತು ತಳ್ಳುವವರು ಚಕ್ರದ ನೇರಕ್ಕೆ ನಿಲ್ಲಬಾರದು: ಹಿಮ್ಮುಖ ತಿರುಗುವ ಚಕ್ರ ಮ್ಯಾಟನ್ನು ಮುಂದಕ್ಕೇ ಚಿಮ್ಮಿಸುತ್ತದೆ. ಇದು ಮೊದಲೇ ಗೊತ್ತಿದ್ದರೆ ಭಾವನವರ ಬಿಳಿ ಅಂಗಿ ಉಳಿಯುತ್ತಿತ್ತು. ಮೂರನೇ ಸಲಕ್ಕೆ ಗಾಡಿ ಹೊರಬಂತು. ಕಾಲಿನಿಂದ ಒತ್ತುವ ಗಾಳಿ ಪಂಪು ಡಿಕ್ಕಿಯಲ್ಲಿ ಇದ್ದದ್ದಕ್ಕೆ ಸರಿ, ಇಲ್ಲದಿದ್ದರೆ ಅದೇ ಟೈರಿನಲ್ಲಿ ಪಂಕ್ಚರ್ ಅಂಗಡಿಯವರೆಗೆ ತೆವಳಬೇಕಿತ್ತು. ಯುವಕ ಹಣ ಬೇಡವೆಂದ. ಅವಲಕ್ಕಿ ಡಬ್ಬಿಯ ತಳದಲ್ಲಿದ್ದದ್ದನ್ನು ತಿಂದು, ಅಷ್ಟರಲ್ಲಿ ನೀರಿಗಿಳಿದಿದ್ದ ಎಮ್ಮೆಗಳನ್ನು ಬೈಯುತ್ತ ಹೋದ.

ಎಮ್ಮೆ ಇಳಿದದ್ದು ನೋಡಿ ಮಕ್ಕಳೂ ಇಳಿಯುತ್ತೇವೆಂದರು. ಹಿನ್ನೀರಿನಲ್ಲಿ ಈಜಿಗೆ ಬಿಡಬಾರದು. ಇದು ಕೆರೆಯಲ್ಲ, ಮುಳುಗಿದ ಗುಡ್ಡದ ಓರೆ. ದಂಡೆಯ ಇಳಿಜಾರು ನೀರಿನೊಳಗೂ ಹಾಗೇ ಮುಂದುವರಿಯುತ್ತದೆ. ಎರಡು ಹೆಜ್ಜೆಗೆ ಮೊಣಕಾಲು, ನಾಲ್ಕನೆಯದಕ್ಕೆ ಕುತ್ತಿಗೆ. ಹಳೆಯ ಮರದ ಬೊಡ್ಡೆಗಳು ಒಳಗೆ ಹಾಗೇ ನಿಂತಿರುತ್ತವೆ. ದಂಡೆಯ ಹುಲ್ಲಿನ ಮೇಲೆ ಕೂತು ಕಾಲು ಇಳಿಬಿಡುವುದಕ್ಕೆ ಒಪ್ಪಂದವಾಯಿತು. ನೀರು ನಿಶ್ಚಲ, ಗುಡ್ಡದ ನೆರಳು ತಲೆಕೆಳಗು, ಎಲ್ಲೋ ಮಂಗಟ್ಟೆಯ ರೆಕ್ಕೆ ಬೀಸುವ ಸದ್ದು. ಆ ಸದ್ದು ಹಕ್ಕಿಗಿಂತ ಮೊದಲು ಬರುತ್ತದೆ, ಯಾರೋ ದೊಡ್ಡ ಗೋಣಿ ಝಾಡಿಸಿದಂತೆ. ಎದ್ದಾಗ ಮೂವರ ಕಾಲಿಗೆ ಉಂಬಳ. ಎಳೆದು ಕೀಳಬಾರದು, ಗಾಯ ತುರಿಸಿ ಕೀವಾಗುತ್ತದೆ. ಉಪ್ಪು ಹಾಕಿದರೆ ತಾನೇ ಉದುರುತ್ತದೆ. ಅಜ್ಜಿಯ ಎಲೆಯಡಿಕೆ ಸಂಚಿಯ ಸುಣ್ಣ ಇನ್ನೂ ಬೇಗ ಕೆಲಸ ಮಾಡಿತು.

ಮಧ್ಯಾಹ್ನ ಮನೆಯ ಅಕ್ಕ ಹಿನ್ನೀರಿನ ಕಾಟ್ಲಾ ತಂದಿಟ್ಟಿದ್ದರು. ಕಾರವಾರದವರ ಮೂಗು ಸಿಹಿನೀರಿನ ಮೀನೆಂದರೆ ಮೇಲೇರುತ್ತದೆ: ಮಣ್ಣಿನ ವಾಸನೆ. ವಾಸನೆ ಇರುವುದು ಸುಳ್ಳಲ್ಲ. ನಿಂತ ನೀರಿನ ಪಾಚಿಯಲ್ಲಿ ಹುಟ್ಟುವ ವಾಸನೆ ಮೀನಿನ ಚರ್ಮ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಹುಳಿಗೆ ಅದು ಮುರಿಯುತ್ತದೆ. ಅಕ್ಕ ಮಾಡಿದ್ದು ಹೀಗೆ: ಎರಡು ಕಿಲೋದ ಮೀನಿನ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಉಜ್ಜಿ ತೆಗೆದರು, ಬೆನ್ನುಮೂಳೆಗೆ ಅಂಟಿದ ರಕ್ತವನ್ನೂ. ಹೋಳುಗಳಿಗೆ ಹುಣಸೆಯ ಗಟ್ಟಿ ರಸ, ಅರಿಸಿನ, ಉಪ್ಪು ಹಚ್ಚಿ ಅರ್ಧ ತಾಸು ಇಟ್ಟು ಆ ನೀರು ಚೆಲ್ಲಿ ತೊಳೆದರು. ಮಸಾಲೆಗೆ ಒಂದು ಕಾಯಿ, ಹದಿನೈದು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಆರು ಮುರುಗಲ ಸಿಪ್ಪೆ. ಕೊನೆಗೆ ಹತ್ತು ಹನ್ನೆರಡು ಒಣ ಜುಮ್ಮನಕಾಯಿ (ಮೀನಿನ ಸಾರಿಗೆ ಹಾಕುವ ಘಾಟು ಸಂಬಾರ) ಜಜ್ಜಿ ಹಾಕಿ ಮುಚ್ಚಿದರು. ಬೀಜ ತೆಗೆಯದೆ ಹಾಕಿದರೆ ಕಹಿ. ಅಜ್ಜಿ ಒಂದು ಹೋಳು ತಿಂದು, “ಬಾಂಗ್ಡೆ ಅಲ್ಲ, ಆದ್ರೆ ತಿನ್ನೂಕೆ ಅಡ್ಡಿಲ್ಲ” ಅಂದರು. ಇನ್ನೊಂದು ಹೋಳು ಹಾಕಿಸಿಕೊಂಡರು.

ಸಂಜೆ ಅಣೆಕಟ್ಟಿನ ಕೆಳಗಿನ ನದಿ. ಇಲ್ಲಿ ಕಾಳಿಗೆ ಮಳೆಯ ಲೆಕ್ಕವಿಲ್ಲ, ಕರೆಂಟಿನ ಲೆಕ್ಕ. ಸೂಪಾದ ಯುನಿಟ್ ಓಡಿದರೆ ಹೊಳೆ ತುಂಬುತ್ತದೆ, ನಿಂತರೆ ಬಂಡೆ ಎದ್ದು ಕೂರುತ್ತವೆ. ಈಗೀಗ ಹಗಲಿಗೆ ಸೌರ ವಿದ್ಯುತ್ ಇರುವುದರಿಂದ ಸಾಮಾನ್ಯವಾಗಿ ನೀರನ್ನು ಬೆಳಿಗ್ಗೆ, ಸಂಜೆಯ ಬೇಡಿಕೆಗೆ ಉಳಿಸಿಕೊಳ್ಳುತ್ತಾರೆ. ತೆಪ್ಪದಾಟಕ್ಕೆ ಹೋಗುವವರು ದುಡ್ಡು ಕೊಡುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ನೀರು ಬಿಟ್ಟಿದ್ದಾರೋ ಇಲ್ಲವೋ. ಬಿಡದಿದ್ದರೆ ತೆಪ್ಪವನ್ನು ಬಂಡೆಯ ಮೇಲೆ ಎಳೆಯುವುದೇ ಆಟ. ಸ್ನಾನಕ್ಕೆ ಇಳಿದವರಿಗೆ ಇದೇ ಅಪಾಯ, ಆಕಾಶ ತಿಳಿಯಾಗಿದ್ದರೂ ನೀರು ಏರುತ್ತದೆ. ಮನೆಯ ಹುಡುಗ ದಂಡೆಯ ಒಂದು ಕಲ್ಲು ತೋರಿಸಿದ. “ಅದ್ರ ತಲೆ ಒದ್ದೆ ಆಯ್ತು ಅಂದ್ರೆ ಮೇಲೆ ಬಂದ್ಬಿಡ್ಬೇಕು. ಸೈರನ್ ಕೇಳೂದಿಲ್ಲ, ನೀರಿನ ಸದ್ದಿಗೆ.” ಆರೂಕಾಲಕ್ಕೆ ಕಲ್ಲಿನ ತಲೆ ಒದ್ದೆಯಾಯಿತು. ಆರೂವರೆಗೆ ಕಲ್ಲೇ ಇರಲಿಲ್ಲ.

ಮೂರನೇ ದಿನ: ಉಳವಿಯ ಮೇಲಿಂದ ಇಳಿತ

ನಸುಕಿನಲ್ಲಿ ಹಕ್ಕಿ ನೋಡುವವರು ದೊಡ್ಡ ಕ್ಯಾಮೆರಾ ಹೊತ್ತು ಹೊರಟಿದ್ದರು. ಗಣೇಶಗುಡಿಯ ಓಲ್ಡ್ ಮ್ಯಾಗಝೀನ್ ಹೌಸ್ ಅವರ ಠಾಣೆ. ಹೆಸರು ಕೇಳಿ ಓದುವ ಮ್ಯಾಗಝೀನ್ ಎಂದುಕೊಳ್ಳುವವರೇ ಹೆಚ್ಚು. ಅದು ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಮನೆ. ಈಗ ಅಲ್ಲಿ ಸಣ್ಣ ಸಣ್ಣ ನೀರಿನ ತಟ್ಟೆಗಳಿಗೆ ಕಾಕರಣೆ, ಪಿಕಳಾರ ಸ್ನಾನಕ್ಕೆ ಬರುತ್ತವೆ.

ದಾಂಡೇಲಿಯಲ್ಲಿ ನಿಂತದ್ದು ಚಹಕ್ಕೆ ಅಷ್ಟೇ. ಪೇಟೆಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ, ದಂಡೆಗೆ ಇಳಿಯುವ ಆಸೆ ಬೇಡ. ಅಲ್ಲಿಂದ ಉಳವಿ ದಾರಿ ಹಿಡಿದು, ನಡುವೆ ಕವಲೊಡೆದು ಸಿಂಥೇರಿ ಬಂಡೆ. ಕಾನೇರಿ ಹೊಳೆ ಕೊರೆದ ಏಕಶಿಲೆ, ಕತ್ತೆತ್ತಿ ನೋಡಿದರೂ ತುದಿ ಸಿಗುವುದಿಲ್ಲ. ಇಳಿಯಲು ಮೆಟ್ಟಿಲಿವೆ, ಆದರೆ ಅಷ್ಟೂ ಮೆಟ್ಟಿಲು ಹತ್ತಲೂಬೇಕು. ಮಂಡಿನೋವಿನವರು ಮೇಲೇ ಉಳಿಯಲಿ, ಅಜ್ಜಿ ಎಲೆಯಡಿಕೆ ಹಾಕಿ ಕೂತರು. ಬಂಡೆಯ ಮೈಗೆ ಹೆಜ್ಜೇನು ತಟ್ಟಿ ಜೋತು ಬಿದ್ದಿರುತ್ತದೆ. ಕೂಗು, ಹೊಗೆ, ಘಾಟು ಸೆಂಟು ಇದ್ಯಾವುದೂ ಆಗದು. ಮಳೆ ಬಿದ್ದ ದಿನ ಹೊಳೆ ಅರೆಗಳಿಗೆಯಲ್ಲಿ ಏರುವುದರಿಂದ ಕಾವಲಿನವರು ಇಳಿಯಬೇಡಿ ಎಂದರೆ ವಾದಿಸದೆ ಬರುವುದು ಒಳ್ಳೆಯದು.

ಉಳವಿಗೆ ಒಂದು ಗಂಟೆಗೆ. ಕಲ್ಯಾಣದ ಗಲಭೆಯ ನಂತರ ಶರಣರೊಂದಿಗೆ ಬಂದ ಚನ್ನಬಸವಣ್ಣ ಐಕ್ಯನಾದ ಕ್ಷೇತ್ರ. ಉತ್ತರ ಕನ್ನಡ ಜಿಲ್ಲೆಯೊಳಗೇ ಇದ್ದರೂ ಇಲ್ಲಿ ಕಿವಿಗೆ ಬೀಳುವುದು ಧಾರವಾಡದ ಕನ್ನಡ. ದಾಸೋಹದ ಸಾಲಿನಲ್ಲಿ ಪಕ್ಕ ಕೂತ ರೈತರು ಜಾತ್ರೆಗೆ ಚಕ್ಕಡಿ ಕಟ್ಟಿ ಬರುವ ಲೆಕ್ಕ ಹೇಳಿದರು. “ಭಾರತ ಹುಣ್ಣಿವಿಗೆ ಬರ್ರಿ, ಈ ಕಾಡಾಗ ಎತ್ತಿನ ಗೆಜ್ಜಿ ಬಿಟ್ಟರ ಬ್ಯಾರೆ ಸಪ್ಪಳಾನ ಇರೂದಿಲ್ಲ. ಇಳಿಜಾರಿನ್ಯಾಗ ಗಾಲಿಗೆ ಕಟಗಿ ಕಟ್ಟತೇವಿ, ಎತ್ತಿನ ಹೆಗಲಿಗೆ ಭಾರ ಬೀಳಬಾರದು ನೋಡ್ರಿ.”

ಅದೇ ಮಾತು ಅಂಶಿ ಘಟ್ಟ ಇಳಿಯುವ ಗಾಡಿಗೂ ಸಲ್ಲುತ್ತದೆ. ಕುಂಬಾರವಾಡದ ಮೇಲಿಂದ ಮೂರೂವರೆಗೆ ಘಟ್ಟದ ತಲೆಗೆ. ಇದಕ್ಕಿಂತ ತಡವಾದರೆ ಕತ್ತಲು, ಕಾಡುಪ್ರಾಣಿ, ಮಂಜು ಮೂರೂ ಒಟ್ಟಿಗೆ. ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ, ಹೆಚ್ಚಿನ ಕಡೆ ಎರಡನೆಯದು. ಮೂರು ನಾಲ್ಕರಲ್ಲಿಟ್ಟು ಬ್ರೇಕ್ ಒತ್ತುತ್ತಲೇ ಇಳಿದರೆ ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲು ಮೆತ್ತಗಾಗುತ್ತದೆ. ನಮ್ಮೆದುರು ಒಂದು ಬಾಡಿಗೆ ಕಾರು ಹಾಗೇ ಹೊಗೆಯಾಡುತ್ತ ನಿಂತಿತ್ತು. ಚಾಲಕ ಚಕ್ರಕ್ಕೆ ನೀರು ಹುಯ್ಯಲು ಬಾಟಲಿ ಎತ್ತಿದ್ದ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಅರ್ಧ ತಾಸು ಸುಮ್ಮನೆ ನಿಂತು ಗಾಳಿಗೆ ಆರಿಸಬೇಕು, ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು. ಅವನಿಗೂ ಕಲ್ಲು ಹುಡುಕಿ ಕೊಟ್ಟು ಮುಂದೆ ಬಂದದ್ದು.

ಕದ್ರಾದಲ್ಲಿ ಅದೇ ಚಹದಂಗಡಿ. “ನೀರು ಎಷ್ಟದೆ?” ಅಂತಷ್ಟೇ ಕೇಳಿದರು. ಮರದ ಬುಡದಿಂದ ಒಂದಾಳು ಕೆಳಗೆ ಎಂದು ಹೇಳಿದ್ದಕ್ಕೆ ತಲೆಯಾಡಿಸಿ ಹಾಲು ಕಾಸಲು ಇಟ್ಟರು.

ಸದಾಶಿವಗಡ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಇಳಿತದ ಹೊತ್ತು, ನದಿಯ ನಡುವೆ ಮರಳು ದಿಬ್ಬ ಎದ್ದಿತ್ತು. ಸೇತುವೆಯ ಹತ್ತಿರ ಹೆಂಗಸೊಬ್ಬರು ಬುಟ್ಟಿಯಲ್ಲಿ ಉಳಿದ ತಿಸ್ರೆಯ, ಅಂದರೆ ಚಿಪ್ಪುಮೀನಿನ, ಕೊನೆಯ ಎರಡು ಪಾಲು ಇಟ್ಟುಕೊಂಡು ಕೂತಿದ್ದರು. ಅಜ್ಜಿ ಗಾಡಿ ನಿಲ್ಲಿಸಿದರು. ಚಿಪ್ಪು ಬಾಯಿ ಬಿಟ್ಟಿದ್ದರೆ ಬೆರಳಿನಿಂದ ತಟ್ಟಿ ನೋಡಬೇಕು, ಮುಚ್ಚಿಕೊಂಡರೆ ಜೀವ ಇದೆ, ಇಲ್ಲವಾದರೆ ಎಸೆಯುವುದು. ಎರಡೂ ಪಾಲು ಹೀಗೇ ಒಂದೊಂದಾಗಿ ತಟ್ಟಿಸಿಕೊಂಡು ಚೀಲ ಸೇರಿದವು. ರಾತ್ರಿ ಮನೆಯಲ್ಲಿ ಮೊದಲ ಕೆಲಸ ರಾಡಿ ಮೆತ್ತಿದ ಮ್ಯಾಟುಗಳನ್ನು ಅಂಗಳದಲ್ಲಿ ತೊಳೆದದ್ದು, ಎರಡನೆಯದು ತಿಸ್ರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದು. ಲೀಟರು ನೀರಿಗೆ ಎರಡು ಚಮಚ ಕಲ್ಲುಪ್ಪು. ಬರೀ ಸಿಹಿನೀರು ಹಾಕಿದರೆ ಬಾಯಿ ಬಿಗಿದುಕೊಂಡು ಮರಳು ಒಳಗೇ ಉಳಿಸಿಕೊಳ್ಳುತ್ತವೆ.